ಬೇಕಾದ್ದನ್ನೇ ಹುಡುಕುವುದು: ಸರ್ಚ್ ಎಂಜಿನ್‌ನಲ್ಲಿ ಬೂಲಿಯನ್ ಆಪರೇಟರ್‌ಗಳ ಬಳಕೆ

ಹೋದ ಮಳೆಗಾಲದ ಒಂದು ರಾತ್ರಿ, ಮೂಡಿಗೆರೆಯ ಕಡೆ ನಾಲ್ಕು ಎಕರೆ ತೋಟ ಮಾಡಿಕೊಂಡಿರುವ ನನ್ನ ಭಾವ ಹಾಸನಕ್ಕೆ ಫೋನ್ ಮಾಡಿದರು. ತೋಟದ ತಗ್ಗಿನಲ್ಲಿ, ನೆರಳು ದಟ್ಟವಾಗಿರುವ ಕಡೆ, ಕಾಫಿ ಗಿಡದ ಎಲೆಗಳು ಕಪ್ಪಾಗಿ ಕೊಳೆತು, ನೆಲಕ್ಕೂ ಬೀಳದೆ ಶಿಲೀಂಧ್ರದ ಎಳೆಯಲ್ಲಿ ಜೋತಾಡುತ್ತಿದ್ದವು. "ಕೊಳೆರೋಗ ಅಂತ ಹೊಡೆದ್ರೆ ಬರೀ ಅಡಿಕೆದೇ ಬರ್ತದೆ ಮಾರಾಯ, ಕಾಫಿದು ಒಂದೂ ಸಿಗ್ತಿಲ್ಲ" ಎಂಬುದು ಅವರ ದೂರು. ದೂರು ನಿಜವೇ ಆಗಿತ್ತು. ಮಲೆನಾಡಿನಲ್ಲಿ ಎರಡು ಬೇರೆ ಬೇರೆ ರೋಗಗಳಿಗೆ ಒಂದೇ ಹೆಸರಿದೆ. ಅಡಿಕೆಯ ಕೊಳೆಯನ್ನು ತರುವ ಶಿಲೀಂಧ್ರವೇ ಬೇರೆ, ಕಾಫಿಯ ಎಲೆಯನ್ನು ಕೊಳೆಸುವ ಶಿಲೀಂಧ್ರವೇ ಬೇರೆ. ಮೈಲುತುತ್ತ, ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣದ ಪ್ರಮಾಣವೂ ಎಲ್ಲ ರೋಗಕ್ಕೂ ಒಂದೇ ಅಲ್ಲ: ಅಡಿಕೆಯ ಕೊಳೆಗೆ ಶೇ 1ರ ದ್ರಾವಣವನ್ನು ಹೇಳಿದರೆ, ಕಾಫಿಯ ಎಲೆ ತುಕ್ಕಿಗೆ ಶೇ 0.5ರದನ್ನು ಹೇಳುತ್ತಾರೆ. ಆದ್ದರಿಂದ ತಪ್ಪು ಪುಟವನ್ನು ನಂಬಿ ಔಷಧಿ ಕಲಸುವವರಿಗೆ ನಷ್ಟ ಹಣದ್ದೂ ಹೌದು, ಬೆಳೆಯದ್ದೂ ಹೌದು.

ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುವವನಾದ್ದರಿಂದ ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವುದು ನನಗೆ ದಿನನಿತ್ಯದ ಕೆಲಸ. ಹಾಗಿದ್ದೂ ಆ ರಾತ್ರಿ ಭಾವನಿಗೆ ನಾನು ಮೊದಲು ಕೊಟ್ಟ ಸಲಹೆ ತಪ್ಪಾಗಿತ್ತು. ಅದು ಹೇಗೆ ತಪ್ಪು ಎಂಬುದನ್ನು ಮುಂದೆ ಅದರ ಜಾಗದಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು, ಹುಡುಕುವ ಪದಗಳನ್ನು ಜೋಡಿಸುವ ಈ ಆಪರೇಟರ್‌ಗಳು ಏನು ಮಾಡುತ್ತವೆ ಎಂಬುದನ್ನು ತಿಳಿಯಬೇಕು.

ಮೂರು ಪದ, ಮೂರು ಪ್ರತ್ಯಯ

ಶೂ ಹೊಲಿಯುವವನ ಮಗನಾಗಿ 1815ರಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಹುಟ್ಟಿ, ಬಹುಪಾಲು ತಾನೇ ಓದಿಕೊಂಡು ಗಣಿತದ ಪ್ರಾಧ್ಯಾಪಕನಾದ ಜಾರ್ಜ್ ಬೂಲ್, ತರ್ಕದ ಮಾತುಗಳನ್ನು ಬೀಜಗಣಿತದ ಲೆಕ್ಕದಂತೆ ಬಿಡಿಸಬಹುದೆಂದು 1847 ಮತ್ತು 1854ರ ತನ್ನ ಗ್ರಂಥಗಳಲ್ಲಿ ತೋರಿಸಿದ. ಅವನ ಹೆಸರೇ ಬೂಲಿಯನ್ ಎಂಬ ವಿಶೇಷಣವಾಗಿ ಉಳಿದಿದೆ. ಆಂಡ್, ಆರ್, ನಾಟ್ ಎಂಬ ಮೂರು ಇಂಗ್ಲಿಷ್ ಪದಗಳು ಈ ತರ್ಕದ ಮೂರು ಕ್ರಿಯೆಗಳು.

ಇವುಗಳನ್ನು ಮತ್ತು, ಅಥವಾ, ಅಲ್ಲ ಎಂದು ಕನ್ನಡಿಸಿ ಕಲಿಸುವುದು ರೂಢಿ. ನನ್ನ ಅನುಭವದಲ್ಲಿ ಗೊಂದಲ ಹುಟ್ಟುವುದೇ ಇಲ್ಲಿಂದ. "ಕಾಫಿ ಮತ್ತು ಮೆಣಸು ಬೆಳೆಯುವವರು ಸಭೆಗೆ ಬನ್ನಿ" ಎಂದು ಊರಿನಲ್ಲಿ ಸಾರಿದರೆ ಕಾಫಿಯವರೂ ಬರುತ್ತಾರೆ, ಮೆಣಸಿನವರೂ ಬರುತ್ತಾರೆ, ಅಂದರೆ ಜನ ಹೆಚ್ಚುತ್ತಾರೆ. ಬೂಲಿಯನ್ ಆಂಡ್ ಇದಕ್ಕೆ ನೇರ ವಿರುದ್ಧ: ಎರಡನ್ನೂ ಬೆಳೆಯುವವರು ಮಾತ್ರ ಒಳಗೆ ಬರಬಹುದು, ಆದ್ದರಿಂದ ಜನ ಕಡಿಮೆಯಾಗುತ್ತಾರೆ. "ಕಾಫಿ ಅಥವಾ ಟೀ" ಎಂದು ಮನೆಯಲ್ಲಿ ಕೇಳಿದರೆ ಒಂದನ್ನು ಆರಿಸಿಕೊಳ್ಳಬೇಕೆಂದು ಅರ್ಥ. ಬೂಲಿಯನ್ ಆರ್ ಹಾಗೆ ಆರಿಸಲು ಹೇಳುವುದಿಲ್ಲ, ಎರಡೂ ಇದ್ದರೆ ಅದಕ್ಕೆ ಸಂತೋಷವೇ.

ಕನ್ನಡದ ಪ್ರತ್ಯಯಗಳಲ್ಲಿ ಯೋಚಿಸಿದರೆ ಈ ಗೊಂದಲ ಇರುವುದಿಲ್ಲ. ಆಂಡ್ ಎಂದರೆ "ಕಾಫಿಯೂ ಇರಬೇಕು, ಮೆಣಸೂ ಇರಬೇಕು." ಆರ್ ಎಂದರೆ "ಕಾಫಿಯಾದರೂ ಇರಲಿ, ಮೆಣಸಾದರೂ ಇರಲಿ." ನಾಟ್ ಎಂದರೆ "ಮೆಣಸು ಇರಕೂಡದು." ಹುಡುಕುವ ಮೊದಲು ನಿಮ್ಮ ಬೇಡಿಕೆಯನ್ನು ಈ ಮೂರು ಬಗೆಯ ವಾಕ್ಯಗಳಲ್ಲಿ ಮನಸ್ಸಿನಲ್ಲೇ ಹೇಳಿಕೊಂಡರೆ, ಪೆಟ್ಟಿಗೆಯಲ್ಲಿ ಏನು ಬರೆಯಬೇಕೆಂಬುದು ತಾನಾಗಿ ತಿಳಿಯುತ್ತದೆ.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ನಾನು ಈ ಬರಹದಲ್ಲಿ ಆರ್ ಎಂದು ಕನ್ನಡ ಲಿಪಿಯಲ್ಲಿ ಬರೆದರೂ, ಹುಡುಕುವಾಗ ಅದನ್ನು ಇಂಗ್ಲಿಷ್ ಲಿಪಿಯಲ್ಲಿ, ಅದರಲ್ಲೂ ಎರಡೂ ದೊಡ್ಡ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಸಣ್ಣ ಅಕ್ಷರಗಳಲ್ಲಿ ಬರೆದರೆ ಗೂಗಲ್ ಅದನ್ನು ಒಂದು ಸಾಮಾನ್ಯ ಪದವೆಂದೇ ತಿಳಿಯುತ್ತದೆ. ಕನ್ನಡದಲ್ಲಿ "ಅಥವಾ" ಎಂದು ಬರೆದರಂತೂ ಅದು ಆಪರೇಟರ್ ಆಗುವುದೇ ಇಲ್ಲ. ಕನ್ನಡ ಕೀಲಿಮಣೆಯಿಂದ ಇಂಗ್ಲಿಷಿಗೆ, ಮತ್ತೆ ಇಂಗ್ಲಿಷಿನಿಂದ ಕನ್ನಡಕ್ಕೆ ಜಿಗಿಯುವುದು ಬೇಸರವೆನಿಸಿದರೆ ಗೂಗಲ್‌ನಲ್ಲಿ ಆರ್ ಬದಲಿಗೆ | ಎಂಬ ನಿಂತ ಗೆರೆಯನ್ನು ಹಾಕಬಹುದು. ಮೊಬೈಲ್ ಕೀಲಿಮಣೆಯಲ್ಲಿ ಇದು ಸಾಮಾನ್ಯವಾಗಿ ಚಿಹ್ನೆಗಳ ಎರಡನೆಯ ಪುಟದಲ್ಲಿ ಇರುತ್ತದೆ. ಮುಂದಿನ ಉದಾಹರಣೆಗಳಲ್ಲಿ ನಾನು ಈ ಗೆರೆಯನ್ನೇ ಬಳಸಿದ್ದೇನೆ.

ಆಂಡ್ ಮತ್ತು ಉದ್ಧರಣ ಚಿಹ್ನೆ

ಆಂಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಗೂಗಲ್‌ನಲ್ಲಿ ಎರಡು ಪದಗಳ ನಡುವಿನ ಖಾಲಿ ಜಾಗವೇ ಆಂಡ್ ಕೆಲಸ ಮಾಡುತ್ತದೆ. "ಕಾಫಿ ಮೆಣಸು ನೆರಳು" ಎಂದು ಬರೆದರೆ ಮೂರನ್ನೂ ಕೇಳಿದಂತೆಯೇ. ಆದರೆ ಇಂದಿನ ಸರ್ಚ್ ಎಂಜಿನ್‌ಗಳು ನಾವು ಕೇಳಿದ್ದನ್ನು ಅಕ್ಷರಶಃ ಪಾಲಿಸುವುದಿಲ್ಲ; ಯಾವುದೋ ಒಂದು ಪದವಿಲ್ಲದ ಪುಟವೇ ಚೆನ್ನಾಗಿದೆಯೆಂದು ಅವಕ್ಕೆ ತೋರಿದರೆ ಆ ಪದವನ್ನು ಕೈಬಿಡುತ್ತವೆ. ಹಾಗಾದಾಗ ಗೂಗಲ್ ಕೆಲವು ಫಲಿತಾಂಶಗಳ ಕೆಳಗೆ, ಬಿಟ್ಟುಹೋದ ಪದವನ್ನು ಅಡ್ಡಗೆರೆ ಎಳೆದು ತೋರಿಸುತ್ತದೆ. ಬಹಳ ಮಂದಿ ಈ ಸಣ್ಣ ಸಾಲನ್ನು ಗಮನಿಸುವುದಿಲ್ಲ. ಗಮನಿಸಿದವರು ಮಾಡಬೇಕಾದದ್ದು ಇಷ್ಟೇ: ಕೈಬಿಡಬಾರದ ಆ ಒಂದು ಪದವನ್ನು ಉದ್ಧರಣ ಚಿಹ್ನೆಯೊಳಗೆ ಇಡುವುದು.

ಕಾಫಿ ಮೆಣಸು "ನೆರಳು"

ಹಿಂದೆ ಇದೇ ಕೆಲಸಕ್ಕೆ ಪದದ ಮುಂದೆ ಪ್ಲಸ್ ಚಿಹ್ನೆ ಹಾಕುತ್ತಿದ್ದರು. ಗೂಗಲ್ 2011ರಲ್ಲಿ ಅದನ್ನು ತೆಗೆದುಹಾಕಿತು. ಹಳೆಯ ಕೈಪಿಡಿಗಳಲ್ಲಿ ಅದು ಇನ್ನೂ ಉಳಿದುಕೊಂಡಿರುವುದರಿಂದ, ವಿದ್ಯಾರ್ಥಿಗಳು ಇಂದಿಗೂ ಪ್ಲಸ್ ಹಾಕಿ ಕಾಯುವುದನ್ನು ನಾನು ಕಾಣುತ್ತೇನೆ.

ಎರಡು ಮೂರು ಪದಗಳನ್ನು ಒಟ್ಟಿಗೆ ಉದ್ಧರಣ ಚಿಹ್ನೆಯೊಳಗೆ ಇಟ್ಟರೆ, ಅವು ಅದೇ ಕ್ರಮದಲ್ಲಿ ಅಕ್ಕಪಕ್ಕ ಇರಬೇಕೆಂದು ಹೇಳಿದಂತಾಗುತ್ತದೆ. ಇಂಗ್ಲಿಷಿನಲ್ಲಿ ಇದು ಬಹಳ ಒಳ್ಳೆಯ ಸಾಧನ. ಕನ್ನಡದಲ್ಲಿ ಎಚ್ಚರ ಬೇಕು. ಇಂಗ್ಲಿಷಿನಲ್ಲಿ ಪದ ಹಾಗೇ ಇದ್ದು ಅದರ ಹಿಂದೆ ಮುಂದೆ ಬೇರೆ ಪದಗಳು ಬಂದು ಸೇರಿದರೆ, ಕನ್ನಡದಲ್ಲಿ ವಿಭಕ್ತಿಯು ಪದಕ್ಕೇ ಅಂಟಿಕೊಳ್ಳುತ್ತದೆ. "ಕಾಫಿ ಕಾಂಡಕೊರಕ" ಎಂದು ಚಿಹ್ನೆಯೊಳಗೆ ಬರೆದರೆ, "ಕಾಫಿಯ ಕಾಂಡಕೊರಕ", "ಕಾಫಿಗೆ ಬರುವ ಬಿಳಿ ಕಾಂಡಕೊರಕ", "ಕಾಫಿಯಲ್ಲಿ ಕಾಂಡಕೊರಕದ ಹಾವಳಿ" ಎಂದು ಸಹಜವಾಗಿ ಬರೆದಿರುವ ಲೇಖನಗಳೆಲ್ಲ ಹೊರಗುಳಿಯುತ್ತವೆ. ಸಿಗುವುದು ತಲೆಬರಹದಂತೆ ಬರೆದಿರುವ ಒಂದೆರಡು ಪುಟಗಳು ಮಾತ್ರ. ಆದ್ದರಿಂದ ಕನ್ನಡದಲ್ಲಿ ಉದ್ಧರಣ ಚಿಹ್ನೆಯನ್ನು ವಿಭಕ್ತಿ ಹತ್ತದ ಗಟ್ಟಿ ಜೋಡಿಗಳಿಗೆ ಮೀಸಲಿಡುವುದು ಒಳ್ಳೆಯದು: ಯೋಜನೆಯ ಹೆಸರು, ಗಾದೆ, ಪದ್ಯದ ಸಾಲು, "ಹಲ್ಮಿಡಿ ಶಾಸನ" ಎಂಬಂಥ ಹೆಸರು. ಅದರಲ್ಲಿಯೂ ಕೊನೆಯ ಪದ "ಶಾಸನದ", "ಶಾಸನವು" ಎಂದು ಬದಲಾಗಬಹುದೆಂಬುದು ನೆನಪಿರಲಿ.

ಆರ್: ಕನ್ನಡಿಗರಿಗೆ ಹೆಚ್ಚು ಬೇಕಾದದ್ದು

ಇಂಗ್ಲಿಷ್ ಕೈಪಿಡಿಗಳು ಆರ್ ಅನ್ನು ಸಮಾನಾರ್ಥಕ ಪದಗಳಿಗಾಗಿ ಬಳಸಿ ಎಂದು ಹೇಳಿ ಮುಂದೆ ಹೋಗುತ್ತವೆ. ಕನ್ನಡದಲ್ಲಿ ಹುಡುಕುವವರಿಗೆ ಇದು ಮೂರು ಆಪರೇಟರ್‌ಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದೆಂದು ನನ್ನ ಅಭಿಪ್ರಾಯ, ಏಕೆಂದರೆ ನಮ್ಮಲ್ಲಿ ಒಂದೇ ಪದವನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುತ್ತಾರೆ, ಮತ್ತು ಎಲ್ಲರೂ ಸರಿಯಾಗಿಯೇ ಬರೆಯುತ್ತಿರುತ್ತಾರೆ. ಕೆಲವರು ಅಡಿಕೆ ಎನ್ನುತ್ತಾರೆ, ಕೆಲವರು ಅಡಕೆ ಎನ್ನುತ್ತಾರೆ. ಸಕಲೇಶಪುರದ ಸಂತೆಯಲ್ಲಿ ಏಲಕ್ಕಿ ಮಾರುವವನೂ ಯಾಲಕ್ಕಿ ಮಾರುವವನೂ ಒಂದೇ ಚೀಲದಿಂದ ಅಳೆಯುತ್ತಾನೆ. ಕಾಳುಮೆಣಸು, ಕಾಳು ಮೆಣಸು, ಕರಿಮೆಣಸು, ಒಳ್ಳೆಮೆಣಸು ಎಂಬ ನಾಲ್ಕೂ ಒಂದೇ ಬಳ್ಳಿಯ ಫಸಲು. ಹಳೇಬೀಡು ಮತ್ತು ಹಳೆಬೀಡು, ರೋಬಸ್ಟಾ ಮತ್ತು ರೊಬಸ್ಟಾ, ಅರೇಬಿಕಾ ಮತ್ತು ಅರಾಬಿಕಾ, ಬೋರ್ಡೋ ಮತ್ತು ಬೋರ್ಡೊ ಎಂದು ಪಟ್ಟಿ ಬೆಳೆಯುತ್ತದೆ. ಸರ್ಚ್ ಎಂಜಿನ್ ಇವುಗಳಲ್ಲಿ ಕೆಲವನ್ನು ತಾನೇ ಒಂದೆಂದು ಗುರುತಿಸಬಹುದು, ಆದರೆ ಅದನ್ನು ನೆಚ್ಚಿಕೊಂಡು ಕೂರುವುದಕ್ಕಿಂತ ನಾವೇ ಹೇಳಿಬಿಡುವುದು ಲೇಸು.

(ಕಾಳುಮೆಣಸು | "ಕಾಳು ಮೆಣಸು" | ಕರಿಮೆಣಸು) ಸೊರಗು ರೋಗ

ಇಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಬಿಡಿಸಿ ಬರೆದ ರೂಪವನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟಿದ್ದೇನೆ, ಇಲ್ಲದಿದ್ದರೆ "ಕಾಳು" ಎಂಬುದು ಹೆಸರುಕಾಳು, ಅಲಸಂದೆಕಾಳುಗಳನ್ನೂ ಕರೆತರಬಹುದು. ಬದಲಿ ರೂಪಗಳನ್ನೆಲ್ಲ ಒಂದು ಕಂಸದೊಳಗೆ ಕಟ್ಟಿದ್ದೇನೆ. ಕಂಸದ ಹೊರಗಿರುವ "ಸೊರಗು ರೋಗ" ಎಲ್ಲ ರೂಪಗಳಿಗೂ ಸಮಾನವಾಗಿ ಅನ್ವಯಿಸುತ್ತದೆ.

ಕಂಸದ ವಿಷಯದಲ್ಲಿ ಸ್ವಲ್ಪ ವಿವರಣೆ ಬೇಕು. ಲೆಕ್ಕದಲ್ಲಿ ಕೂಡುವುದಕ್ಕಿಂತ ಮೊದಲು ಗುಣಿಸುತ್ತೇವೆ ಎಂಬ ನಿಯಮವಿರುವಂತೆ, ಹುಡುಕಾಟದಲ್ಲಿಯೂ ಯಾವ ಆಪರೇಟರ್ ಮೊದಲು ಎಂಬ ಪ್ರಶ್ನೆ ಏಳುತ್ತದೆ, ಮತ್ತು ಇದಕ್ಕೆ ಎಲ್ಲ ಕಡೆಯೂ ಒಂದೇ ಉತ್ತರವಿಲ್ಲ. ಗೂಗಲ್‌ನಲ್ಲಿ ಆರ್ ತನ್ನ ಎಡಬಲದ ಎರಡು ಪದಗಳನ್ನು ಮೊದಲು ಹಿಡಿದುಕೊಳ್ಳುತ್ತದೆ. ಮೈಕ್ರೋಸಾಫ್ಟ್‌ನ ಬಿಂಗ್‌ನಲ್ಲಿ ಆರ್‌ನ ಸರದಿ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ವೈದ್ಯಕೀಯ ಲೇಖನಗಳ ಪಬ್‌ಮೆಡ್‌ನಲ್ಲಿ ಎಡದಿಂದ ಬಲಕ್ಕೆ ಬರೆದ ಕ್ರಮದಲ್ಲೇ ಲೆಕ್ಕ ನಡೆಯುತ್ತದೆ. ಇದನ್ನೆಲ್ಲ ನೆನಪಿಟ್ಟುಕೊಳ್ಳುವ ಅಗತ್ಯವಿಲ್ಲ. ಬದಲಿ ರೂಪಗಳಿಗೆ ಯಾವಾಗಲೂ ಕಂಸ ಹಾಕುವ ಅಭ್ಯಾಸವಿದ್ದರೆ ಬಿಂಗ್‌ನಲ್ಲಿಯೂ ಪಬ್‌ಮೆಡ್‌ನಲ್ಲಿಯೂ ತಪ್ಪುವುದಿಲ್ಲ; ಗೂಗಲ್‌ನಲ್ಲಿ ಅದರ ಅಗತ್ಯ ಕಡಿಮೆ, ಆದರೆ ಹಾಕಿದ್ದರಿಂದ ಕೆಡುವುದೇನೂ ಇಲ್ಲ.

ಇಂಗ್ಲಿಷಿನಲ್ಲಿ ಹುಡುಕುವಾಗಲೂ ನಮ್ಮ ಊರುಗಳ ಹೆಸರಿಗೆ ಆರ್ ಬೇಕೇ ಬೇಕು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದಾಗ ಚಿಕ್ಕಮಗಳೂರಿನದೂ ಬದಲಾಯಿತು. ಹಳೆಯ ಕಾಗುಣಿತದಲ್ಲಿ ಒಂದೇ ಕೆ ಇದ್ದು ಹೆಸರು ಆರ್ ಅಕ್ಷರಕ್ಕೆ ಮುಗಿಯುತ್ತಿತ್ತು. ಹೊಸದರಲ್ಲಿ ಎರಡು ಕೆ ಇದ್ದು ಹೆಸರು ಯು ಅಕ್ಷರಕ್ಕೆ ಮುಗಿಯುತ್ತದೆ. 2014ಕ್ಕಿಂತ ಹಿಂದಿನ ಸಂಶೋಧನಾ ಲೇಖನ, ವರದಿ, ನಕ್ಷೆಗಳು ಹೆಚ್ಚಾಗಿ ಹಳೆಯ ಕಾಗುಣಿತದಲ್ಲಿವೆ. ಇಂದಿನ ಸರ್ಕಾರಿ ಪುಟಗಳು ಹೊಸದರಲ್ಲಿವೆ. ಜಿಲ್ಲೆಯ ಮಳೆಯ ಹಳೆಯ ಅಂಕಿಅಂಶವನ್ನು ಇಂದಿನದರ ಜೊತೆ ಹೋಲಿಸಬೇಕೆನ್ನುವ ವಿದ್ಯಾರ್ಥಿ ಎರಡನ್ನೂ ಕಂಸದೊಳಗೆ ಹಾಕದಿದ್ದರೆ ಅರ್ಧ ಸಾಮಗ್ರಿ ಕೈತಪ್ಪುತ್ತದೆ. ಇನ್ನೂ ಹಿಂದೆ ಹೋಗುವವರು ಈ ಜಿಲ್ಲೆಗೆ ಕಡೂರು ಜಿಲ್ಲೆ ಎಂಬ ಹೆಸರಿತ್ತೆಂಬುದನ್ನೂ ಸೇರಿಸಿಕೊಳ್ಳಬೇಕು.

ಮೈನಸ್: ಕೊನೆಗೆ ತೆಗೆಯಬೇಕಾದ ಕತ್ತಿ

ಗೂಗಲ್‌ನಲ್ಲಿ ನಾಟ್ ಎಂಬ ಪದ ಕೆಲಸ ಮಾಡುವುದಿಲ್ಲ. ಅದರ ಬದಲು ಬೇಡವಾದ ಪದದ ಮುಂದೆ ಮೈನಸ್ ಚಿಹ್ನೆ ಹಾಕಬೇಕು. ಚಿಹ್ನೆಯ ಎಡಕ್ಕೆ ಜಾಗ ಇರಬೇಕು, ಬಲಕ್ಕೆ ಇರಕೂಡದು. ಪದಕ್ಕೂ ಚಿಹ್ನೆಗೂ ನಡುವೆ ಜಾಗ ಬಿಟ್ಟರೆ, ಯಾವುದು ಬೇಡವೆಂದು ಬರೆದಿರೋ ಅದನ್ನೇ ಕೇಳಿದಂತಾಗುತ್ತದೆ.

ಭಾವನಿಗೆ ನಾನು ಮೊದಲು ಹೇಳಿದ್ದು ಮೈನಸ್ ಹಾಕಿ ಎಂದು.

ಕೊಳೆರೋಗ -ಅಡಿಕೆ

"ಹಾಕಿದೆ, ಈಗ ಮೊದಲಿಗಿಂತ ಜಾಸ್ತಿ ಅಡಿಕೆದು ಬಂತು" ಎಂದರು. ಫೋನಿನಲ್ಲಿ ಹೇಳಿ ಟೈಪ್ ಮಾಡಿಸುತ್ತಿದ್ದುದರಿಂದ ಮೈನಸ್ ಆದ ಮೇಲೆ ಜಾಗ ಬಿಟ್ಟಿದ್ದಾರೆಂಬುದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. "ಭಾವ, ಆ ಗೆರೆಯನ್ನು ಅಡಿಕೆಗೆ ಅಂಟಿಸಿ ಬರೀರಿ" ಎಂದೆ. ಅಂಟಿಸಿದರು. ಆಗ ಅಡಿಕೆ ಹೋಯಿತು, ಆದರೆ ಅಡಕೆ ಎಂದು ಬರೆಯುವವರ ಪುಟಗಳು ಉಳಿದವು. ಅದನ್ನೂ ಕಳೆಯಲು ಹೇಳಿದೆ. ಈಗ ಅಡಿಕೆಯ ಎರಡು ರೂಪವೂ ಹೋದವು. ಉಳಿದದ್ದು ಬೆರಳೆಣಿಕೆಯ ಪುಟಗಳು, ಅವುಗಳಲ್ಲಿಯೂ ಶುಂಠಿಯ ಗೆಡ್ಡೆಕೊಳೆಯ ಪುಟಗಳು ಬಂದು ಸೇರಿಕೊಂಡಿದ್ದವು.

ನನ್ನ ತಪ್ಪು ಹೊಳೆದದ್ದು ಮರುದಿನ ಗ್ರಂಥಾಲಯದ ಕಂಪ್ಯೂಟರ್ ಮುಂದೆ ನಿಧಾನವಾಗಿ ನೋಡಿದಾಗ. ಮಲೆನಾಡಿನ ತೋಟದಲ್ಲಿ ಕಾಫಿ ಒಂಟಿಯಾಗಿ ಬೆಳೆಯುವುದು ಅಪರೂಪ. ಕಾಫಿ ಇರುವ ಕಡೆಯೇ ಮೆಣಸು, ಅದರ ಬದಿಗೇ ಅಡಿಕೆ. ಆದ್ದರಿಂದ ಮಳೆಗಾಲದ ರೋಗಗಳ ಬಗ್ಗೆ ತಿಳಿದವರು ಬರೆದ ಒಳ್ಳೆಯ ಲೇಖನದಲ್ಲಿ ಕಾಫಿಯ ಜೊತೆಗೆ ಅಡಿಕೆಯ ಮಾತು ಒಂದು ಸಾಲಾದರೂ ಬಂದೇ ಬರುತ್ತದೆ. ಮೈನಸ್ ಚಿಹ್ನೆಗೆ ಆ ಒಂದು ಸಾಲು ಸಾಕು. ಇಡೀ ಲೇಖನವನ್ನು ಅದು ಹೊರಗೆ ಎಸೆಯುತ್ತದೆ. ನಾನು ಕಳೆ ಕೀಳಲು ಹೋಗಿ ಬೆಳೆಯನ್ನೇ ಕಿತ್ತಿದ್ದೆ. ಬೇಕಿದ್ದದ್ದು ಅಡಿಕೆಯನ್ನು ಕಳೆಯುವುದಲ್ಲ, ಕಾಫಿಯನ್ನು ಗಟ್ಟಿಯಾಗಿ ಸೇರಿಸುವುದು, ಮತ್ತು ಕೊಳೆರೋಗದ ಎರಡೂ ಬರವಣಿಗೆಗೆ ಎಡೆ ಕೊಡುವುದು:

"ಕಾಫಿ" (ಕೊಳೆರೋಗ | "ಕೊಳೆ ರೋಗ") ಎಲೆ

ಇದರಿಂದ ನಾನು ಮಾಡಿಕೊಂಡಿರುವ ನಿಯಮ ಹೀಗಿದೆ. ಬೇಡವಾದ ವಿಷಯವೂ ಬೇಕಾದ ವಿಷಯವೂ ಒಂದೇ ಪುಟದಲ್ಲಿ ಸಂಧಿಸುವ ಸಂಭವವಿದ್ದರೆ ಮೈನಸ್ ಹಾಕಬಾರದು. ಎಂದೂ ಸಂಧಿಸದ ವಿಷಯಗಳಾದರೆ ಧಾರಾಳವಾಗಿ ಹಾಕಬಹುದು. ಬೇಲೂರು ಎರಡನೆಯ ಬಗೆಗೆ ಒಳ್ಳೆಯ ಉದಾಹರಣೆ. ಇಂಗ್ಲಿಷಿನಲ್ಲಿ ಬೇಲೂರು ಎಂದು ಹುಡುಕಿದರೆ ನಮ್ಮ ಚೆನ್ನಕೇಶವನ ಜೊತೆಗೆ ಪಶ್ಚಿಮ ಬಂಗಾಳದ ಹೌರಾ ಬಳಿಯ, ರಾಮಕೃಷ್ಣ ಮಠದ ಕೇಂದ್ರವಾದ ಬೇಲೂರು ಮಠವೂ ಬರುತ್ತದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ದೇವಾಲಯದ ಶಿಲ್ಪವನ್ನು ಕುರಿತ ಲೇಖನದಲ್ಲಿ ಹೌರಾ ಎಂಬ ಹೆಸರು ಬರುವ ಸಂಭವ ತೀರ ಕಡಿಮೆ, ಆದ್ದರಿಂದ ಹೌರಾ ಪದವನ್ನು ಮೈನಸ್ ಹಾಕಿ ತೆಗೆದರೆ ನಷ್ಟವಿಲ್ಲ. ಹಾಸನವೂ ಇಂಗ್ಲಿಷಿನಲ್ಲಿ ಹಸನ್ ಎಂಬ ವ್ಯಕ್ತಿನಾಮದೊಂದಿಗೆ ಬೆರೆತುಹೋಗುತ್ತದೆ; ಕಾಸಾಬ್ಲಾಂಕಾದ ದೊಡ್ಡ ಮಸೀದಿಯವರೆಗೆ ಫಲಿತಾಂಶ ಹೋಗುತ್ತದೆ. ಅಷ್ಟೆಲ್ಲ ಜನರ ಹೆಸರನ್ನು ಕಳೆಯುತ್ತ ಹೋಗಲು ಸಾಧ್ಯವಿಲ್ಲವಾದ್ದರಿಂದ ಇಲ್ಲಿ ಕರ್ನಾಟಕ ಎಂಬ ಪದವನ್ನು ಸೇರಿಸುವುದೇ ದಾರಿ. ಕನ್ನಡದಲ್ಲಿ ಬರೆದು ಹುಡುಕುವವರಿಗೆ ಈ ತೊಂದರೆಯೇ ಇಲ್ಲವೆಂಬುದನ್ನು ಹೇಳಲು ನನಗೆ ಸಂತೋಷವಾಗುತ್ತದೆ. ಕೆಲವೊಮ್ಮೆ ಲಿಪಿಯೇ ಅತ್ಯುತ್ತಮ ಜರಡಿ.

ಮೊದಲನೆಯ ಬಗೆಗೆ ಇನ್ನೊಂದು ಉದಾಹರಣೆ ಕೊಡುತ್ತೇನೆ, ಏಕೆಂದರೆ ಪದವಿ ವಿದ್ಯಾರ್ಥಿಗಳು ಇದರಲ್ಲಿ ಪದೇ ಪದೇ ಎಡವುತ್ತಾರೆ. ಕನ್ನಡದ ಅತ್ಯಂತ ಹಳೆಯ ಶಾಸನ ಯಾವುದೆಂದು ಹುಡುಕಿದರೆ, ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಸುಮಾರು ಕ್ರಿ.ಶ. 450ರದೆಂದು ಹೇಳುವ ಶಾಸನದ ಪುಟಗಳು ಸಾಲಾಗಿ ಬರುತ್ತವೆ. ಬೇರೆ ಅಭಿಪ್ರಾಯವೇನಾದರೂ ಇದೆಯೇ ಎಂದು ನೋಡಲು ವಿದ್ಯಾರ್ಥಿ -ಹಲ್ಮಿಡಿ ಎಂದು ಹಾಕುತ್ತಾನೆ. ಆದರೆ ಶಿವಮೊಗ್ಗ ಜಿಲ್ಲೆಯ ತಾಳಗುಂದದ ಸಿಂಹಕಟಾಂಜನ ಶಾಸನ ಅದಕ್ಕಿಂತ ಹಳೆಯದೆಂದು ವಾದಿಸುವವರು ಹಲ್ಮಿಡಿಯ ಹೆಸರೆತ್ತದೆ ವಾದ ಮಾಡುವುದಾದರೂ ಹೇಗೆ? ಹಾಗಾಗಿ ಅವನಿಗೆ ಬೇಕಾದ ಪುಟಗಳೇ ಮೊದಲು ಮಾಯವಾಗುತ್ತವೆ. ಭಿನ್ನಾಭಿಪ್ರಾಯವನ್ನು ಹುಡುಕುವಾಗ ಕಳೆಯಬಾರದು, ಕೂಡಬೇಕು: ಹಲ್ಮಿಡಿ ತಾಳಗುಂದ ಹಳೆಯ ಶಾಸನ ಎಂದು ಬರೆದರೆ ಎರಡೂ ಪಕ್ಷ ಒಂದೇ ಪುಟದಲ್ಲಿ ಸಿಗುತ್ತವೆ. ತಾಳಗುಂದದ ಹೆಸರು ಅವನಿಗೆ ಮೊದಲೇ ಗೊತ್ತಿಲ್ಲವಲ್ಲ ಎಂದರೆ, "ಹಲ್ಮಿಡಿ" "ಅದಕ್ಕಿಂತ ಹಳೆಯ" ಎಂದು ಹುಡುಕಿ ನೋಡಬಹುದು. ವಾದ ಮಾಡುವವರು ಆಡುವ ಮಾತನ್ನೇ ಪೆಟ್ಟಿಗೆಯಲ್ಲಿ ಬರೆಯುವುದು ಒಂದು ಒಳ್ಳೆಯ ಉಪಾಯ.

ಎಲ್ಲಿ, ಯಾವಾಗ, ಯಾವ ರೂಪದಲ್ಲಿ

ಬೂಲಿಯನ್ ಎಂದು ಕರೆಯಲಾಗದಿದ್ದರೂ ಈ ಮೂರರ ಜೊತೆಗೆ ಕೆಲಸ ಮಾಡುವ ಕೆಲವು ಆಜ್ಞೆಗಳಿವೆ. ಇವುಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು, ಹಿಂದೆಯೇ ಕೋಲನ್ (:) ಹಾಕಿ, ಜಾಗ ಬಿಡದೆ ಮುಂದಿನದನ್ನು ಬರೆಯಬೇಕು. ಸೈಟ್ ಎಂಬ ಆಜ್ಞೆ ಒಂದೇ ಜಾಲತಾಣದೊಳಗೆ ಅಥವಾ ಒಂದು ಬಗೆಯ ಜಾಲತಾಣಗಳೊಳಗೆ ಹುಡುಕುತ್ತದೆ. ಸೈಟ್ ಕೋಲನ್ ಆದ ಮೇಲೆ ಸರ್ಕಾರಿ ತಾಣಗಳ ವಿಳಾಸದ ಬಾಲವಾದ ಜಿಒವಿ ಡಾಟ್ ಐಎನ್ ಎಂದಷ್ಟೇ ಬರೆದರೂ ಸಾಕು, ಔಷಧಿ ಮಾರುವವರ ಪುಟಗಳು ಬದಿಗೆ ಸರಿದು ಇಲಾಖೆಗಳ ಪುಟಗಳು ಮುಂದೆ ಬರುತ್ತವೆ. ಫೈಲ್‌ಟೈಪ್ ಎಂಬ ಆಜ್ಞೆಯ ಮುಂದೆ ಪಿಡಿಎಫ್ ಎಂದು ಬರೆದರೆ ಕೈಪಿಡಿ, ಸುತ್ತೋಲೆ, ಪ್ರಬಂಧಗಳು ಸಿಗುತ್ತವೆ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ. ಇಂಥ ಸಂಸ್ಥೆಗಳು ಹೊರತರುವ ಕೈಪಿಡಿಗಳನ್ನು ಹುಡುಕುವಾಗ ಊರಿನ ಹೆಸರನ್ನೂ ಪಿಡಿಎಫ್ ಆಜ್ಞೆಯನ್ನೂ ಒಟ್ಟಿಗೆ ಹಾಕಿ ನೋಡುವುದು ನನ್ನ ರೂಢಿ.

ಆಫ್ಟರ್ ಮತ್ತು ಬಿಫೋರ್ ಎಂಬ ಆಜ್ಞೆಗಳು ದಿನಾಂಕಕ್ಕೆ ಸಂಬಂಧಿಸಿದವು. ಗೂಗಲ್ 2019ರಲ್ಲಿ ಇವನ್ನು ತಂದಿತು. ಕೋಲನ್ ಆದ ಮೇಲೆ ವರ್ಷವನ್ನಷ್ಟೇ ಬರೆಯಬಹುದು, ಅಥವಾ 2023-09-18 ಎಂಬಂತೆ ಪೂರ್ತಿ ದಿನಾಂಕವನ್ನೂ ಬರೆಯಬಹುದು. ಆ ದಿನಾಂಕವನ್ನೇ ಉದಾಹರಿಸಲು ಕಾರಣವಿದೆ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಅಂದು. ಅದಕ್ಕೆ ಮೊದಲು, 2014ರಿಂದ, ಅವು ಸಂಭಾವ್ಯ ಪಟ್ಟಿಯಲ್ಲಿದ್ದವು. ಹಾಗಾಗಿ ಅಂತರ್ಜಾಲದಲ್ಲಿ ಇವು ಇನ್ನೂ ಸಂಭಾವ್ಯ ಪಟ್ಟಿಯಲ್ಲಿವೆ ಎಂದು ಹೇಳುವ ಹಳೆಯ ಪುಟಗಳು ಉಳಿದಿವೆ, ಮತ್ತು ಅವನ್ನು ನಂಬಿ ಪ್ರವಾಸದ ಕರಪತ್ರ ಅಚ್ಚು ಹಾಕಿಸಿದವರನ್ನು ನಾನು ಕಂಡಿದ್ದೇನೆ. ಕಾಫಿ, ಮೆಣಸಿನ ಧಾರಣೆ ಹುಡುಕುವವರಿಗಂತೂ ಆಫ್ಟರ್ ಇಲ್ಲದೆ ಹುಡುಕಬೇಡಿರೆಂದೇ ಹೇಳುತ್ತೇನೆ. ಪುಟದ ಮೇಲಿನ ದಿನಾಂಕವನ್ನು ಗೂಗಲ್ ತಪ್ಪಾಗಿ ಗ್ರಹಿಸುವುದೂ ಉಂಟು, ಆದ್ದರಿಂದ ಪುಟ ತೆರೆದ ಮೇಲೆ ಒಮ್ಮೆ ಕಣ್ಣಿನಿಂದಲೂ ನೋಡಬೇಕು.

ಇಷ್ಟೆಲ್ಲ ಮಾಡಿಯೂ ಕನ್ನಡದ ಸರ್ಕಾರಿ ದಾಖಲೆ ಸಿಗದಿದ್ದರೆ ತಪ್ಪು ನಿಮ್ಮದಲ್ಲದಿರಬಹುದು. ಒಂದೊಂದು ಅಕ್ಷರಕ್ಕೂ ಎಲ್ಲ ಯಂತ್ರಗಳಲ್ಲಿ ಒಂದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲು, ಅದು ಬಂದು ಎಷ್ಟೋ ಕಾಲದ ನಂತರವೂ, ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬಹಳಷ್ಟು ದಾಖಲೆಗಳನ್ನು ಟೈಪ್ ಮಾಡಿದ್ದಾರೆ. ಕಣ್ಣಿಗೆ ಅದು ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅದರೊಳಗೆ ಕಾಣುವುದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿ. ಸ್ಕ್ಯಾನ್ ಮಾಡಿ ಹಾಕಿದ ಪುಟಗಳಲ್ಲಿ ಎಷ್ಟೋ ಬಾರಿ ಅಕ್ಷರಗಳೇ ಇರುವುದಿಲ್ಲ, ಇರುವುದು ಚಿತ್ರ ಮಾತ್ರ. ಇಂಥವನ್ನು ಯಾವ ಆಪರೇಟರ್ ಕೂಡ ಹುಡುಕಿಕೊಡಲಾರದು. ಆಗ ದಾಖಲೆಯ ಒಳಗಿನ ಪದವನ್ನು ಬಿಟ್ಟು, ಅದಕ್ಕೆ ಕೊಂಡಿ ಕೊಟ್ಟಿರುವ ಪುಟದಲ್ಲಿ ಇರಬಹುದಾದ ಮಾತನ್ನು, ಅಂದರೆ ಇಲಾಖೆಯ ಹೆಸರು, ಯೋಜನೆಯ ಇಂಗ್ಲಿಷ್ ಹೆಸರು, ವರ್ಷ, ಇವುಗಳನ್ನು ಸೈಟ್ ಆಜ್ಞೆಯೊಂದಿಗೆ ಹುಡುಕಬೇಕು.

ಗೂಗಲ್‌ನ ಹೊರಗೆ

ಈ ಮೂರು ಆಪರೇಟರ್‌ಗಳು ತಮ್ಮ ನಿಜವಾದ ಬಲದಲ್ಲಿ ಕಾಣಿಸುವುದು ಗ್ರಂಥಾಲಯಗಳ ಸೂಚಿಗಳಲ್ಲಿ ಮತ್ತು ಸಂಶೋಧನಾ ಲೇಖನಗಳ ಭಂಡಾರಗಳಲ್ಲಿ. ಅಲ್ಲಿ ಯಂತ್ರ ನಮ್ಮ ಮನಸ್ಸನ್ನು ಊಹಿಸಲು ಹೋಗುವುದಿಲ್ಲ. ಹೇಳಿದ್ದನ್ನು ಹೇಳಿದಂತೆ ಮಾಡುತ್ತದೆ. ಪಬ್‌ಮೆಡ್‌ನಲ್ಲಿ ಆಂಡ್, ಆರ್, ನಾಟ್ ಮೂರನ್ನೂ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕು. ಬಿಂಗ್‌ನಲ್ಲಿಯೂ ನಾಟ್ ಎಂಬ ಪದ ನಡೆಯುತ್ತದೆ. ಬಹುತೇಕ ಗ್ರಂಥಾಲಯ ಸೂಚಿಗಳಲ್ಲಿ ಅಡ್ವಾನ್ಸ್ಡ್ ಸರ್ಚ್ ಎಂಬಲ್ಲಿ ಪೆಟ್ಟಿಗೆಗಳ ನಡುವೆ ಈ ಮೂರು ಪದಗಳನ್ನು ಆರಿಸಿಕೊಳ್ಳುವ ಅನುಕೂಲವಿರುತ್ತದೆ. ಚಿಹ್ನೆಗಳನ್ನು ನೆನಪಿಡಲು ಇಷ್ಟವಿಲ್ಲದವರಿಗೆ ಗೂಗಲ್‌ನಲ್ಲಿಯೂ ಅಂಥದೇ ಒಂದು ಅಡ್ವಾನ್ಸ್ಡ್ ಸರ್ಚ್ ಪುಟವಿದೆ. ಎಲ್ಲ ಪದಗಳು, ಇದೇ ಪದಗುಚ್ಛ, ಇವುಗಳಲ್ಲಿ ಯಾವುದಾದರೂ, ಇವು ಬೇಡ ಎಂಬ ಅರ್ಥದ ಪೆಟ್ಟಿಗೆಗಳನ್ನು ತುಂಬಿದರೆ ಚಿಹ್ನೆಗಳನ್ನು ಅದೇ ಹಾಕಿಕೊಳ್ಳುತ್ತದೆ. ವಯಸ್ಸಾದ ಓದುಗರಿಗೆ ನಾನು ಮೊದಲು ತೋರಿಸುವುದು ಅದನ್ನೇ.

ಎಲ್ಲ ಹುಡುಕಾಟಕ್ಕೂ ಇಷ್ಟೊಂದು ಸಿದ್ಧತೆ ಬೇಕಿಲ್ಲ. ನಾಳೆ ಹಾಸನದಲ್ಲಿ ಮಳೆ ಇದೆಯೇ, ಶಿರಾಡಿ ಘಾಟಿ ತೆರೆದಿದೆಯೇ ಎಂಬುದನ್ನು ಮಾತಿನಲ್ಲಿ ಕೇಳಿದಂತೆಯೇ ಕೇಳಬಹುದು. ನಾನು ಯಾವ ಹುಡುಕಾಟವನ್ನೂ ಮೊದಲು ಎರಡು ಮೂರು ಬರಿಯ ಪದಗಳಿಂದಲೇ ಆರಂಭಿಸುತ್ತೇನೆ. ಬಂದ ಮೊದಲ ಪುಟವನ್ನು ನೋಡಿ ಏನು ತಪ್ಪಾಗಿದೆಯೆಂದು ತಿಳಿಯುತ್ತೇನೆ: ಪದ ಬಿಟ್ಟುಹೋಗಿದ್ದರೆ ಉದ್ಧರಣ ಚಿಹ್ನೆ, ಫಲಿತಾಂಶ ತೀರ ಕಡಿಮೆಯಿದ್ದರೆ ಬದಲಿ ರೂಪಗಳು, ಹಳತಾಗಿದ್ದರೆ ದಿನಾಂಕ. ಇವು ಯಾವುದರಿಂದಲೂ ಸರಿಹೋಗದಿದ್ದಾಗ ಮಾತ್ರ ಮೈನಸ್. ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತೇನೆ. ನಾಲ್ಕನ್ನು ಒಟ್ಟಿಗೆ ಸೇರಿಸಿದರೆ ಯಾವುದರಿಂದ ಒಳ್ಳೆಯದಾಯಿತು, ಯಾವುದರಿಂದ ಕೆಟ್ಟಿತು ಎಂಬುದು ತಿಳಿಯುವುದಿಲ್ಲ.

ಚೆನ್ನಾಗಿ ಕೆಲಸ ಮಾಡಿದ ಸಾಲನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಭಾವ ಆ ಕಾಫಿ ಕೊಳೆರೋಗದ ಸಾಲನ್ನು ವಾಟ್ಸ್ಆ್ಯಪ್‌ನಲ್ಲಿ ತಮಗೆ ತಾವೇ ಕಳುಹಿಸಿಕೊಂಡಿದ್ದಾರೆ. ಈಚೆಗೆ ಅದರಲ್ಲಿ ಕೊಳೆರೋಗದ ಜಾಗಕ್ಕೆ ಕಾಯಿಕೊರಕ ಎಂದು ಹಾಕಿ, ಕಂಸದೊಳಗೆ "ಕಾಯಿ ಕೊರಕ" ಎಂಬ ಬಿಡಿ ರೂಪವನ್ನೂ ತಾವೇ ಸೇರಿಸಿಕೊಂಡು ಹುಡುಕಿದರಂತೆ.